ಗಿಳಿ ಹಳೆಯ ಮನೆಯಲ್ಲೇ ಉಳಿದಿತ್ತು

ಫೋಲ್ಡರಿನೊಳಗಿನ ಹೆಸರುಗಳೆಲ್ಲ ಹಸಿರು ಬಣ್ಣದಲ್ಲಿದ್ದವು. ಅಕ್ಕಪಕ್ಕದ ಫೋಟೊ, ಹಾಡು, ಬ್ಯಾಂಕಿನ ಕಾಗದ ಎಲ್ಲ ಕಪ್ಪು; ಇವು ಮಾತ್ರ ಹಸಿರು. ಅಂಗಡಿಯ ಹುಡುಗ ಒಂದೊಂದರ ಮೇಲೂ ಕ್ಲಿಕ್ ಮಾಡುತ್ತ ಹೋದ. ಪ್ರತಿಸಲವೂ ಅದೇ ಚೌಕ, ಅದೇ ಮಾತು: ಆಕ್ಸೆಸ್ ಡಿನೈಡ್. ನನ್ನ ಸೋದರಮಾವ ಕನ್ನಡಕವನ್ನು ಹಣೆಗೇರಿಸಿಕೊಂಡು, "ಬರೆದೋನು ನಾನು. ನನಗೇ ಒಳಗೆ ಬಿಡೋದಿಲ್ಲ ಅಂದ್ರೆ ಏನು ಮಾರಾಯ ಇದರ ಅರ್ಥ?" ಎಂದರು. ಹುಡುಗನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಆ ಹೊತ್ತಿಗೆ ಅರ್ಧ ಉತ್ತರವೇ ಇತ್ತು.

ಮಾವ ಸಾಗರದ ಕಡೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಅವರಿಗೆ ಭತ್ತದ ಹುಚ್ಚು ಹಿಡಿಯಿತು. ಬೆಳೆಯುವ ಹುಚ್ಚಲ್ಲ, ಹೆಸರು ಕೂಡಿಹಾಕುವ ಹುಚ್ಚು. ಯಾವ ಊರಿನ ಯಾವ ಗದ್ದೆಗೆ ಯಾವ ತಳಿ ಒಗ್ಗುತ್ತಿತ್ತು, ಅದರ ಅಕ್ಕಿ ಅವಲಕ್ಕಿಗೆ ಸರಿಯೋ ಗಂಜಿಗೆ ಸರಿಯೋ, ಯಾವ ಅಜ್ಜಿ ಅದರ ಬೀಜವನ್ನು ಕೊನೆಯವರೆಗೆ ಕಾಪಾಡಿಕೊಂಡಿದ್ದಳು ಎಂದೆಲ್ಲ ಬಸ್ಸಿನಲ್ಲಿ ಊರೂರು ತಿರುಗಿ ಕೇಳಿಕೊಂಡು ಬಂದು, ರಾತ್ರಿ ಕೂತು ಟೈಪ್ ಮಾಡುತ್ತಿದ್ದರು. ಒಂಬತ್ತು ವರ್ಷದ ಆ ಕೆಲಸವೆಲ್ಲ ಒಂದು ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಆ ಕಾಲಕ್ಕೆ ಊರಿಗೆಲ್ಲ ಇದ್ದಂತೆ ವಿಂಡೋಸ್ 7ರ 'ಅಲ್ಟಿಮೇಟ್' ಆವೃತ್ತಿ. ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ಒಂದು ಮಳೆಗಾಲದ ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು. ಅಲ್ಲಿಂದ ಐದಾರು ವರ್ಷ ಆ ಕಂಪ್ಯೂಟರು ಹಳೆಯ ಪಂಚೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಕಳೆದ ವರ್ಷ ಮಗಳು ಹೊಸ ಲ್ಯಾಪ್‌ಟಾಪ್ ಕೊಡಿಸಿದಾಗ, ಹಳೆಯ ಹಾರ್ಡ್‌ಡಿಸ್ಕಿನಿಂದ ಭತ್ತವನ್ನು ಹೊಸದಕ್ಕೆ ಸುರಿಯೋಣ ಎಂದು ಹೊರಟೆವು. ಹೊರಟಾಗ ಎದುರಾದದ್ದು ಈ ಹಸಿರು.

ಈ ಬಣ್ಣ ಬಂದದ್ದು ಹೇಗೆ ಎಂದು ಕೆದಕಿದಾಗ ಮಾವನಿಗೆ ನಿಧಾನವಾಗಿ ನೆನಪಾಯಿತು. 2012ರ ಸುಮಾರಿಗೆ, ಕಂಪ್ಯೂಟರಿನಲ್ಲಿರುವುದನ್ನು ಕಳ್ಳರು ಕದಿಯುತ್ತಾರೆ ಎಂದು ಎಲ್ಲೋ ಓದಿ, ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್‌ಡ್ ಎಂಬ ಗುಂಡಿಯೊತ್ತಿ, ಅಲ್ಲಿದ್ದ ಎನ್‌ಕ್ರಿಪ್ಟ್ ಎಂಬುದರ ಎದುರು ಸರಿಗುರುತು ಹಾಕಿದ್ದರಂತೆ. ಪಾಸ್‌ವರ್ಡ್ ಕೇಳಲಿಲ್ಲ, ಏನೂ ಕೇಳಲಿಲ್ಲ. ಹೆಸರುಗಳು ಹಸಿರಾದವು ಅಷ್ಟೆ. "ಹಸಿರು ಅಂದ್ರೆ ಒಳ್ಳೇದೇ ಅಂದ್ಕೊಂಡೆ." ಮರುಗಳಿಗೆ ಪರದೆಯ ಮೂಲೆಯಲ್ಲಿ ಒಂದು ಗುಳ್ಳೆ ಎದ್ದು, ನಿಮ್ಮ ಕೀಲಿಕೈಯ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ ಎಂದು ಹೇಳಿರಲೇಬೇಕು, ವಿಂಡೋಸ್ 7 ತಪ್ಪದೆ ಹಾಗೆ ಹೇಳುತ್ತಿತ್ತು. ಆದರೆ ಆ ಮೂಲೆಯಲ್ಲಿ ಏಳುವ ಗುಳ್ಳೆಗಳನ್ನು ಓದುವ ಮನುಷ್ಯ ಇನ್ನೂ ಹುಟ್ಟಿಲ್ಲ. ಆಂಟಿವೈರಸ್ಸಿನ ಗೋಳಾಟವಿರಬೇಕೆಂದು ಮಾವ ಅದನ್ನು ಮುಚ್ಚಿದ್ದರು.

ಹುಡುಗ ಮೊದಲು ಮಾಡಿದ್ದು ಅಂಗಡಿಯವರೆಲ್ಲ ಮಾಡುವ ಕೆಲಸ: ಫೋಲ್ಡರಿನ ಒಡೆತನವನ್ನು ತನ್ನ ಹೆಸರಿಗೆ ಬದಲಿಸಿಕೊಂಡ. ಅದು ತಕ್ಷಣ ಒಪ್ಪಿಕೊಂಡಿತು ಕೂಡ. ಆದರೂ ಫೈಲು ತೆರೆಯಲಿಲ್ಲ. ಬಹಳ ಜನ ಎಡವುವುದು ಇಲ್ಲಿ. ಕಂಪ್ಯೂಟರು ಎರಡು ಬೇರೆ ಬೇರೆ ರೋಗಗಳಿಗೆ ಒಂದೇ ಹೆಸರು ಹೇಳಿಬಿಡುತ್ತದೆ. ಮೊದಲನೆಯದು ಬರೀ ಅನುಮತಿಯ ತಕರಾರು. ಕಚೇರಿಯ ಬಾಗಿಲಲ್ಲಿ ಕೂತ ಜವಾನ ಹಳೆಯ ಸಾಹೇಬರ ಹೆಸರನ್ನೇ ಬಾಯಿಪಾಠ ಮಾಡಿಕೊಂಡು ಹೊಸಬರನ್ನು ತಡೆಯುತ್ತಾನೆ. ಅವನಿಗೆ ಹೊಸ ಆದೇಶ ತೋರಿಸಿದರೆ ಆಯಿತು, ಒಳಗಿನ ಕಾಗದಪತ್ರವೆಲ್ಲ ಇದ್ದಂತೆಯೇ ಇರುತ್ತದೆ. ಎರಡನೆಯದು ಹಾಗಲ್ಲ. ಅಲ್ಲಿ ಬದಲಾಗಿರುವುದು ಬಾಗಿಲಲ್ಲ, ಕಾಗದದ ಮೇಲಿನ ಬರಹವೇ. ಜವಾನನನ್ನು ಎಬ್ಬಿಸಿ ಕಳಿಸಿ ಒಳಹೊಕ್ಕರೂ ಕೈಗೆ ಸಿಗುವುದು ತಲೆಬುಡವಿಲ್ಲದ ಅಂಕಿಗಳ ರಾಶಿ. ಪಠ್ಯಪುಸ್ತಕದಲ್ಲಿ ಇದನ್ನು ಗೂಢಲಿಪೀಕರಣ ಎನ್ನುತ್ತಾರೆ, ಅಂಗಡಿಯಲ್ಲಿ ಎನ್‌ಕ್ರಿಪ್ಷನ್. ಫೈಲಿನ ಹೆಸರು ಹಸಿರಾಗಿದ್ದರೆ, ಹೊಸ ವಿಂಡೋಸಿನಲ್ಲಾದರೆ ಚಿತ್ರದ ಮೂಲೆಯಲ್ಲಿ ಪುಟ್ಟ ಬೀಗ ಕಂಡರೆ, ರೋಗ ಎರಡನೆಯದು. ಮೊದಲನೆಯದರ ಔಷಧ ಅದಕ್ಕೆ ತಾಗುವುದಿಲ್ಲ.

ವಿಂಡೋಸಿನಲ್ಲಿ ಈ ಬೀಗದ ಹೆಸರು ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಂ, ಚುಟುಕಾಗಿ ಇಎಫ್‌ಎಸ್. 2000ನೇ ಇಸವಿಯ ವಿಂಡೋಸ್ 2000ದ ಜೊತೆ ಬಂದದ್ದು. ಮನೆಬಳಕೆಯ 'ಹೋಮ್' ಆವೃತ್ತಿಗಳಿಗೆ ಇದನ್ನು ಪೂರ್ತಿಯಾಗಿ ಕೊಟ್ಟಿಲ್ಲ. ಮಾವನ ಕಂಪ್ಯೂಟರಿನಲ್ಲಿ ಇತ್ತೆಂದರೆ ಅದು ಆ ಅನಾಥ 'ಅಲ್ಟಿಮೇಟ್' ಕೃಪೆ.

ಅದು ಕೆಲಸ ಮಾಡುವ ರೀತಿ ಕೇಳಿದರೆ ನಮ್ಮ ಅಜ್ಜಿಕತೆ ನೆನಪಾಗದೆ ಇರದು. ರಾಕ್ಷಸನನ್ನು ಎಷ್ಟು ಕಡಿದರೂ ಸಾಯುವುದಿಲ್ಲ, ಏಕೆಂದರೆ ಅವನ ಪ್ರಾಣ ಅವನ ಮೈಯಲ್ಲಿಲ್ಲ. ಏಳು ಸಮುದ್ರದಾಚೆ ಒಂದು ಕೋಟೆ, ಕೋಟೆಯಲ್ಲಿ ಮರ, ಮರದಲ್ಲಿ ಪಂಜರ, ಪಂಜರದಲ್ಲಿ ಗಿಳಿ. ಪ್ರಾಣ ಇರುವುದು ಆ ಗಿಳಿಯಲ್ಲಿ. ಇಎಫ್‌ಎಸ್‌ನಲ್ಲಿ ಪ್ರತಿಯೊಂದು ಫೈಲಿಗೂ ಅದರದೇ ಆದ ಒಂದು ಕೀಲಿಕೈ ಹುಟ್ಟುತ್ತದೆ. ಬರಹ ಕಲಸಿಹೋಗುವುದು ಆ ಕೀಲಿಕೈಯಿಂದ. ಆ ಕೀಲಿಕೈಯನ್ನು ಮತ್ತೊಂದು ಬೀಗದೊಳಗಿಟ್ಟು ಫೈಲಿಗೇ ಅಂಟಿಸಿರುತ್ತಾರೆ. ಈ ಎರಡನೆಯ ಬೀಗ ಆರ್‌ಎಸ್‌ಎ ಜಾತಿಯದು. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ಕಂಡುಹಿಡಿದದ್ದು. ದೇವಸ್ಥಾನದ ಹುಂಡಿಯ ಹಾಗೆ: ಒಳಗೆ ಹಾಕುವುದು ಯಾರಿಗೂ ಸಾಧ್ಯ, ತೆಗೆಯುವುದಕ್ಕೆ ಮಾತ್ರ ಮೊಕ್ತೇಸರರ ಕೀಲಿಕೈ ಬೇಕು. ಆ ಮೊಕ್ತೇಸರರ ಕೀಲಿಕೈ ಸಿ ಡ್ರೈವಿನಲ್ಲಿ, ಬಳಕೆದಾರನ ಹೆಸರಿನ ಫೋಲ್ಡರಿನ ತೀರಾ ಒಳಗೆ, ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿರುತ್ತದೆ. ಅಲ್ಲೂ ಬಿಡಿಯಾಗಿ ಇಟ್ಟಿರುವುದಿಲ್ಲ. ಅದಕ್ಕೆ ಕಾವಲಾಗಿ ಮಾಸ್ಟರ್ ಕೀ ಎಂಬ ಇನ್ನೊಂದು, ಅದು ಬೇರೊಂದು ಫೋಲ್ಡರಿನಲ್ಲಿ. ಮಾಸ್ಟರ್ ಕೀಯನ್ನು ತೆರೆಯುವುದು ಯಾವುದು? ಕಂಪ್ಯೂಟರು ಶುರುವಾದಾಗ ನಾವು ಒತ್ತುವ ಪಾಸ್‌ವರ್ಡ್. ಅದೇ ಗಿಳಿ.

ಇಷ್ಟೆಲ್ಲ ತೆರೆಮರೆಯಲ್ಲಿ ನಡೆಯುವುದರಿಂದ, ಬೀಗ ಹಾಕಿದವನಿಗೆ ತಾನು ಬೀಗ ಹಾಕಿದ್ದೇನೆ ಎಂಬ ಅರಿವೇ ಇರುವುದಿಲ್ಲ. ಬೆಳಿಗ್ಗೆ ಲಾಗಿನ್ ಆದ ಕೂಡಲೇ ಎಲ್ಲ ಬಾಗಿಲುಗಳೂ ತಾವಾಗಿ ತೆರೆದುಕೊಳ್ಳುತ್ತವೆ. ಇದನ್ನು ಮಾಡಿದವರು ಇದೇ ಇದರ ಹೆಚ್ಚುಗಾರಿಕೆ ಎಂದುಕೊಂಡಿದ್ದರು. ನನಗೇನೋ ಎಲ್ಲ ಅನಾಹುತದ ಮೂಲ ಇದೇ ಅನ್ನಿಸುತ್ತದೆ. ಕೈಯಲ್ಲಿ ಹಿಡಿದು ನೋಡದ ಕೀಲಿಕೈಯನ್ನು ಮನೆ ಬದಲಿಸುವಾಗ ತೆಗೆದುಕೊಂಡು ಹೋಗಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ? ನಾವು ಮನೆ ಖಾಲಿ ಮಾಡುವಾಗ ಒಲೆ, ಒರಳು, ದೇವರ ಪಟ ಎಲ್ಲ ಹೊರುತ್ತೇವೆ. ಕಂಪ್ಯೂಟರು ಬದಲಿಸುವವರು ಡಿ ಡ್ರೈವಿನ ಸಾಮಾನನ್ನೆಲ್ಲ ಹೊತ್ತುಕೊಂಡು, ಸಿ ಡ್ರೈವನ್ನು "ಅದರಲ್ಲಿ ಬರೀ ವಿಂಡೋಸ್ ಇರೋದು, ಫಾರ್ಮ್ಯಾಟ್ ಮಾಡಿ" ಎಂದುಬಿಡುತ್ತಾರೆ. ಗಿಳಿಯ ಪಂಜರವಿದ್ದದ್ದು ಅಲ್ಲಿ.

ಮಾವನ ಪುಣ್ಯಕ್ಕೆ ಆ ಡಿಸ್ಕು ಯಾರ ಕೈಗೂ ಸಿಗದೆ ಪಂಚೆಯ ಕೆಳಗೇ ಇತ್ತು.

ಒಡೆತನದ ಉಪಾಯ ಸೋತ ಮೇಲೆ ಹುಡುಗ ಇನ್ನೊಂದು ಹೇಳಿದ. "ಸರ್, ಹೊಸ ಲ್ಯಾಪ್‌ಟಾಪಲ್ಲಿ ಅದೇ ಹೆಸರಲ್ಲಿ ಯೂಸರ್ ಮಾಡಿ, ಅದೇ ಪಾಸ್‌ವರ್ಡ್ ಕೊಟ್ಟುಬಿಟ್ರೆ?" ಕೇಳಲು ಜಾಣತನದ ಮಾತು, ಆದರೆ ನಡೆಯುವುದಿಲ್ಲ. ವಿಂಡೋಸ್ ನಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಎಸ್-1-5-21 ಎಂದು ಶುರುವಾಗುವ ಒಂದು ಉದ್ದನೆಯ ಸಂಖ್ಯೆಯಿಂದ. ಒಂದೇ ಹೆಸರಿನ ಇಬ್ಬರು ಮಕ್ಕಳು ಒಂದೇ ಕ್ಲಾಸಿನಲ್ಲಿದ್ದರೂ ಹಾಜರಿ ಪುಸ್ತಕದ ನಂಬರು ಬೇರೆ. ಅದೂ ಅಲ್ಲದೆ ಮೊಕ್ತೇಸರರ ಕೀಲಿಕೈಯೇ ಹೊಸ ಮನೆಯಲ್ಲಿ ಇಲ್ಲ. ಪಾಸ್‌ವರ್ಡ್ ಒಂದನ್ನೇ ಇಟ್ಟುಕೊಂಡು ಏನು ತೆರೆಯುವುದು?

ಅವನ ಮೂರನೆಯ ಸಲಹೆಗೆ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹಳೆಯ ಡಿಸ್ಕನ್ನೇ ಯಾವುದಾದರೂ ಕಂಪ್ಯೂಟರಿಗೆ ಹಾಕಿ ಶುರು ಮಾಡೋಣ, ಪಾಸ್‌ವರ್ಡ್ ಮರೆತಿದ್ದರೆ ಚಿಂತೆಯಿಲ್ಲ, ಅದನ್ನು ಅಳಿಸುವ ಪೆನ್‌ಡ್ರೈವ್ ನನ್ನ ಹತ್ತಿರ ಇದೆ ಎಂದ. ಎಷ್ಟೋ ಮನೆಗಳಲ್ಲಿ ಇಂಥ ಕೆಲಸ ಕೆಡುವುದು ಈ ಉಪಕಾರದಿಂದ. ನಮ್ಮ ಪಾಸ್‌ವರ್ಡನ್ನು ನಾವೇ, ಹಳೆಯದನ್ನು ಒತ್ತಿ, ಕ್ರಮವಾಗಿ ಬದಲಿಸಿದರೆ ವಿಂಡೋಸ್ ಮಾಸ್ಟರ್ ಕೀಯನ್ನು ಹಳೆಯ ಬೀಗದಿಂದ ತೆಗೆದು ಹೊಸ ಬೀಗಕ್ಕೆ ಹಾಕಿಡುತ್ತದೆ. ಹೊರಗಿನವರು ಬಲವಂತವಾಗಿ ಅಳಿಸಿದರೆ ಅಥವಾ ಬೇರೆಯದನ್ನು ಕೂರಿಸಿದರೆ ಆ ವರ್ಗಾವಣೆ ನಡೆಯುವುದಿಲ್ಲ. ಲಾಗಿನ್ ಆಗುತ್ತದೆ, ಮೇಜಿನ ಮೇಲಿನ ಚಿತ್ರವೂ ಅದೇ ಹಳೆಯ ಜೋಗ. ಫೈಲು ಮಾತ್ರ ತೆರೆಯದು. ಹೀಗೆ ಮಾಡಿಕೊಂಡವರಿಗೆ ಒಂದೇ ದಾರಿ: ಹಳೆಯ ಪಾಸ್‌ವರ್ಡ್ ಯಾವತ್ತಾದರೂ ನೆನಪಾದರೆ ಅದನ್ನೇ ಮತ್ತೆ ಇಡುವುದು. ಆಗ ಮಾಸ್ಟರ್ ಕೀ ಮಾತಾಡುತ್ತದೆ.

ಮೊದಲು ಇಷ್ಟು ಬಿಗಿ ಇರಲಿಲ್ಲ. ವಿಂಡೋಸ್ 2000ದಲ್ಲಿ ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಹತ್ತಿರ ತಾನಾಗಿ ಒಂದು ನಕಲಿ ಕೀಲಿಕೈ ಇರುತ್ತಿತ್ತು. ಮನೆಯವರು ಮರೆತರೆ ಯಜಮಾನರು ತೆಗೆದುಕೊಡುತ್ತಿದ್ದರು. ಆದರೆ ಕಳ್ಳನೂ ಅಡ್ಮಿನಿಸ್ಟ್ರೇಟರನ ಪಾಸ್‌ವರ್ಡ್ ಅಳಿಸಿ ಅದೇ ದಾರಿಯಲ್ಲಿ ಒಳಗೆ ಬರುತ್ತಾನೆಂದು ಗೊತ್ತಾಗಿ, ಮುಂದಿನ ವರ್ಷದ ಎಕ್ಸ್‌ಪಿಯಲ್ಲಿ ಆ ನಕಲಿಯನ್ನು ಕಿತ್ತುಹಾಕಿದರು. ಕಳ್ಳನಿಗೆ ಮುಚ್ಚಿದ ಬಾಗಿಲು ಮರೆಗುಳಿ ಮೇಷ್ಟ್ರಿಗೂ ಮುಚ್ಚಿತು. ಎರಡನ್ನೂ ಒಟ್ಟಿಗೆ ಕೊಡುವ ಬೀಗವನ್ನು ಯಾರೂ ಮಾಡಿಲ್ಲ.

"ಇಷ್ಟೆಲ್ಲ ಸಾಫ್ಟ್‌ವೇರ್ ಜನ ಬೆಂಗಳೂರಲ್ಲಿ ಇದ್ದಾರೆ, ಒಬ್ಬರಿಗೂ ಒಡೆಯೋಕೆ ಬರೋದಿಲ್ವಾ?" ಎಂದು ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ವಿಂಡೋಸ್ 7 ಫೈಲಿಗೆ ಹಾಕುವ ಬೀಗ ಎಇಎಸ್ ಎಂಬುದು. ಯೋವಾನ್ ದಾಮನ್, ವಿನ್ಸೆಂಟ್ ರೈಮನ್ ಎಂಬ ಬೆಲ್ಜಿಯಂನ ಇಬ್ಬರು ರೂಪಿಸಿದ್ದು, 2001ರಲ್ಲಿ ಅಮೆರಿಕ ಸರ್ಕಾರ ತನ್ನ ಮಾನಕವಾಗಿ ಒಪ್ಪಿಕೊಂಡದ್ದು. ಅದರ 256 ಬಿಟ್‌ನ ಕೀಲಿಕೈ ಎಂದರೆ ಪ್ರಯತ್ನಿಸಿ ನೋಡಬೇಕಾದ ಕೀಲಿಕೈಗಳ ಲೆಕ್ಕ 78 ಅಂಕಿಯ ಒಂದು ಸಂಖ್ಯೆ. ಗಣಿತದ ಮೇಷ್ಟ್ರಿಗೆ ಅಷ್ಟು ಹೇಳಿದರೆ ಸಾಕಾಯಿತು, ಅತ್ತೆಗೆ ಅವರೇ ತಿಳಿಸಿ ಹೇಳಿದರು.

ಹಾಗಾದರೆ ಆಗಾಗ ಸುದ್ದಿಯಲ್ಲಿ ಬರುತ್ತದಲ್ಲ, ಯಾರೋ ಯಾರದೋ ಬೀಗ ಒಡೆದರು ಎಂದು? ಒಡೆದವರ ಕತೆಯನ್ನು ಪೂರ್ತಿ ಓದಿದರೆ ಅವರು ಬೀಗ ಒಡೆದಿರುವುದಿಲ್ಲ, ಗಿಳಿಯನ್ನು ಹುಡುಕಿರುತ್ತಾರೆ. 2024ರಲ್ಲಿ ಜೋ ಗ್ರ್ಯಾಂಡ್ ಎಂಬ ಅಮೆರಿಕದ ಹಾರ್ಡ್‌ವೇರ್ ತಂತ್ರಜ್ಞರು ಜೊತೆಗಾರರೊಬ್ಬರೊಂದಿಗೆ ಸೇರಿ, 43.6 ಬಿಟ್‌ಕಾಯಿನ್ ಇದ್ದ ಒಂದು ತಿಜೋರಿ ತೆರೆದರು. ಅದರ ಒಡೆಯ 2013ರಲ್ಲಿ ರೋಬೋಫಾರ್ಮ್ ಎಂಬ ಸಾಫ್ಟ್‌ವೇರಿನಿಂದ 20 ಅಕ್ಷರದ ಪಾಸ್‌ವರ್ಡ್ ಹುಟ್ಟಿಸಿದ್ದ. ಅದನ್ನು ಬರೆದಿಟ್ಟ ಎನ್‌ಕ್ರಿಪ್ಟೆಡ್ ಫೈಲು ಕೆಟ್ಟುಹೋಗಿತ್ತು. ಆ ಸಾಫ್ಟ್‌ವೇರಿನ ಹಳೆಯ ಆವೃತ್ತಿ ಪಾಸ್‌ವರ್ಡ್ ಹುಟ್ಟಿಸುವಾಗ ಕಂಪ್ಯೂಟರಿನ ಗಡಿಯಾರವನ್ನೇ ನೆಚ್ಚಿಕೊಂಡಿತ್ತು ಎಂಬುದನ್ನು ಇವರು ಪತ್ತೆಹಚ್ಚಿದರು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದಂತೆ ಮಾಡಿ, ಆ ದಿನಗಳಲ್ಲಿ ಅದು ಏನೇನು ಹುಟ್ಟಿಸಿರಬಹುದಿತ್ತೋ ಅದನ್ನೆಲ್ಲ ಮತ್ತೆ ಹುಟ್ಟಿಸಿದರು. ಮೇ 15ರ ಒಂದು ಕ್ಷಣದಲ್ಲಿ ಗಿಳಿ ಸಿಕ್ಕಿತು. ಎಲ್ಲರಿಗೂ ಹೀಗಾಗುವುದಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಪ್ರೋಗ್ರಾಮರ್ ಸ್ಟೀಫನ್ ಥಾಮಸ್ ಅವರ 7,002 ಬಿಟ್‌ಕಾಯಿನ್‌ಗಳ ಕೀಲಿಕೈ ಇದ್ದದ್ದು ಹತ್ತು ಸಲ ತಪ್ಪು ಪಾಸ್‌ವರ್ಡ್ ಒತ್ತಿದರೆ ಶಾಶ್ವತವಾಗಿ ಮುಚ್ಚಿಕೊಳ್ಳುವ ಒಂದು ಪೆನ್‌ಡ್ರೈವಿನಲ್ಲಿ. 2021ರಲ್ಲಿ ಅವರ ಕತೆ ಹೊರಬಂದಾಗ ಎಂಟು ಸಲ ಆಗಿಹೋಗಿತ್ತು. ಪಾಸ್‌ವರ್ಡ್ ಬರೆದಿಟ್ಟ ಚೀಟಿ ಕಳೆದುಹೋಗಿತ್ತಂತೆ.

ಚೀಟಿ ಎಂದ ಕೂಡಲೇ ಅತ್ತೆ ಅಟ್ಟ ಹತ್ತಿದರು. ಮಾವ ಎಲ್ಲವನ್ನೂ ಬರೆದಿಡುತ್ತಿದ್ದದ್ದು ಒಂಟಿಕೊಪ್ಪಲ್ ಪಂಚಾಂಗದ ಹಿಂದಿನ ಖಾಲಿ ಜಾಗದಲ್ಲಿ: ಗ್ಯಾಸ್ ಬುಕ್ ಮಾಡಿದ ದಿನ, ಎಮ್ಮೆಗೆ ಇಂಜೆಕ್ಷನ್ ಕೊಡಿಸಿದ ದಿನ, ಬಡ್ಡಿ ಲೆಕ್ಕ. ಹಳೆಯ ಪಂಚಾಂಗ ಎಸೆಯುವ ಪದ್ಧತಿ ಆ ಮನೆಯಲ್ಲಿಲ್ಲ. ಧೂಳು ಕೊಡವಿದ ಕಟ್ಟಿನೊಳಗೆ, 2012ರ ಯುಗಾದಿಗೆ ಶುರುವಾದ ನಂದನ ಸಂವತ್ಸರದ ಪಂಚಾಂಗದಲ್ಲಿ, ಪೆನ್ಸಿಲ್ಲಿನಲ್ಲಿ 'ಕಂಪ್ಯೂಟರ್' ಎಂದು ಬರೆದು ಮುಂದೆ ಒಂದು ಪದ ಇತ್ತು. ಅದರ ಮೇಲೆ ಅಡ್ಡಗೀಟು. ಅಡ್ಡಗೀಟು ಎಂದರೆ ಮುಂದೆಂದೋ ಬದಲಾಗಿದೆ ಎಂದರ್ಥ. ವಿಜಯ, ಜಯ ಎರಡರಲ್ಲೂ ಏನೂ ಇಲ್ಲ. ಮನ್ಮಥದಲ್ಲಿ ಸಿಕ್ಕಿತು. ಆ ಪದವನ್ನು ಇಲ್ಲಿ ಹೇಳುವಂತಿಲ್ಲ; ಕೊಟ್ಟಿಗೆಯಲ್ಲಿದ್ದ ಒಂದು ಹಸುವಿನ ಹೆಸರು ಮತ್ತು ಅದು ಮೊದಲ ಕರು ಹಾಕಿದ ವರ್ಷ ಎಂದರೆ ಸಾಕು. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ ಎಂದು ಉಪದೇಶಿಸುವವರ ಗುಂಪಿನಲ್ಲಿ ನಾನೂ ಇದ್ದೆ. ಆವತ್ತು ಅಟ್ಟದ ಏಣಿಯ ಬುಡದಲ್ಲಿ ನಿಂತು ಆ ಗುಂಪಿಗೆ ರಾಜೀನಾಮೆ ಕೊಟ್ಟೆ.

ಗಿಳಿ ಸಿಕ್ಕಿತು, ಪಂಜರ ಡಿಸ್ಕಿನಲ್ಲೇ ಇತ್ತು. ಉಳಿದದ್ದು ಇವೆರಡನ್ನೂ ಒಂದೆಡೆ ಸೇರಿಸುವ ಕೆಲಸ. ಹಳೆಯ ಡಿಸ್ಕಿನಲ್ಲಿರುವ ಪ್ರೊಫೈಲನ್ನು ಓದಿ, ಪಾಸ್‌ವರ್ಡ್ ಕೊಟ್ಟರೆ ಕೀಲಿಕೈಯನ್ನು ಬಿಡಿಸಿಕೊಡುವ ಸಾಫ್ಟ್‌ವೇರುಗಳು ದುಡ್ಡಿಗೆ ಸಿಗುತ್ತವೆ. ನಾವು ಅಗ್ಗದ ದಾರಿ ಹಿಡಿದೆವು. ಮೊದಲು ಡಿಸ್ಕಿನ ಪೂರ್ತಿ ನಕಲು ಒಂದನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟೆವು; ಮುಟ್ಟುವುದೇನಿದ್ದರೂ ನಕಲನ್ನೇ. ನಾನು ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನಲ್ಲಿ ಸುತ್ತಿ, ಸುಟ್ಟುಹೋದದ್ದೇ ಮಾದರಿಯ ಹಳೆಯ ಮದರ್‌ಬೋರ್ಡ್ ಒಂದನ್ನು ಹುಡುಕಿದೆ. ಎರಡನೆಯ ದಿನ, ಒಂದು ಮಹಡಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕೀಬೋರ್ಡುಗಳ ರಾಶಿಯ ಅಡಿಯಲ್ಲಿತ್ತು. ಅಂಗಡಿಯವರು ನನ್ನ ಮುಖ ನೋಡಿಯೇ ಇವನಿಗೆ ಇದು ಬೇಕೇಬೇಕು ಎಂದು ತಿಳಿದುಕೊಂಡು ಬೆಲೆ ಹೇಳಿದರು. ಅದು ಬೇರೆ ಮಾತು.

ಸಾಗರದ ಮನೆಯ ಜಗಲಿಯಲ್ಲಿ ಎಲ್ಲವನ್ನೂ ಜೋಡಿಸಿ ಸ್ವಿಚ್ ಹಾಕಿದಾಗ ವಿಂಡೋಸ್ 7ರ ನಾಲ್ಕು ಬಣ್ಣಗಳು ಬಂದು ಸೇರಿದವು. ಮಾವ ಒಂದು ಬೆರಳಿನಲ್ಲಿ ಹಸುವಿನ ಹೆಸರು ಒತ್ತಿದರು. ಫೋಲ್ಡರ್ ತೆರೆದರು. ಹಸಿರು ಹೆಸರಿನ ಮೇಲೆ ಎರಡು ಸಲ ಕ್ಲಿಕ್. ತೆರೆಯಿತು.

ಮೊದಲು ಮಾಡಿದ್ದು ಹದಿಮೂರು ವರ್ಷದ ಹಿಂದೆ ಆ ಗುಳ್ಳೆ ಹೇಳಿದ್ದ ಕೆಲಸ: ಸರ್ಟಿಫಿಕೇಟ್ ಮ್ಯಾನೇಜರಿಗೆ ಹೋಗಿ ಕೀಲಿಕೈಯನ್ನು ಪಿಎಫ್‌ಎಕ್ಸ್ ಎಂಬ ಪುಟ್ಟ ಫೈಲಾಗಿ ಹೊರತೆಗೆದೆವು. ಅದರ ಮೇಲಿನ ಅವಧಿ ನೋಡಿ ಮಾವನಿಗೆ ನಗು. ಇಎಫ್‌ಎಸ್ ತಾನೇ ಬರೆದುಕೊಳ್ಳುವ ಪ್ರಮಾಣಪತ್ರಕ್ಕೆ ನೂರು ವರ್ಷ ಆಯಸ್ಸು ಕೊಡುತ್ತದೆ. 2112ರವರೆಗೆ ನಡೆಯುತ್ತದೆ ಎಂದಿತ್ತು. "ಬೋರ್ಡು ಒಂಬತ್ತು ವರ್ಷ, ನಾನು ಇನ್ನೆಷ್ಟೋ, ಬೀಗ ಮಾತ್ರ ನೂರು ವರ್ಷ!" ಆಮೇಲೆ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿದೆವು. ಇಲ್ಲೊಂದು ಹೊಟ್ಟೆ ಉರಿಯುವ ಸಂಗತಿ. ಈ ಬೀಗ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯ ಡಿಸ್ಕಿನಲ್ಲಿ ಮಾತ್ರ ನಿಲ್ಲುತ್ತದೆ. ಅಂಗಡಿಯಿಂದ ತಂದ ಸಾಮಾನ್ಯ ಪೆನ್‌ಡ್ರೈವ್ ಆ ಬಗೆಯದಲ್ಲ. ಆದ್ದರಿಂದ ಯಜಮಾನ ಲಾಗಿನ್ ಆಗಿರುವಾಗ ಅದಕ್ಕೆ ನಕಲು ಮಾಡಿದರೆ, ಬೀಗವಿಲ್ಲದೆ ಕಳಿಸಲೇ ಎಂದು ಒಂದು ಮಾತು ಕೇಳಿ, ವಿಂಡೋಸ್ 7 ಫೈಲನ್ನು ಬಿಡಿಸಿಯೇ ಕೊಟ್ಟುಬಿಡುತ್ತದೆ. ಹಳೆಯ ಕಂಪ್ಯೂಟರು ಬದುಕಿದ್ದಾಗ ಒಂದು ಸಂಜೆ ಇಷ್ಟು ಮಾಡಿದ್ದರೆ ಅಟ್ಟವೂ ಇಲ್ಲ, ಎಸ್.ಪಿ. ರೋಡೂ ಇಲ್ಲ.

ಪೆನ್‌ಡ್ರೈವನ್ನು ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮೊದಲ ಫೈಲು ತೆರೆದೆವು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಯುರೋಪಿನ ಚುಕ್ಕಿ, ಕೊಂಬು, ಬಾಲ. ಒಂದೇ ಒಂದು ಪದ ಅರ್ಥವಾಗದು. ಫೋನಿನಲ್ಲಿ ಚಿತ್ರ ಕಳಿಸಿದರೆ ಅಂಗಡಿಯ ಹುಡುಗ ತೀರ್ಪು ಕೊಟ್ಟ: "ಸರ್, ಇನ್ನೂ ಎನ್‌ಕ್ರಿಪ್ಟ್ ಆಗೇ ಇದೆ."

ಅಲ್ಲ. ಕನ್ನಡಿಗರ ಮನೆಗಳಲ್ಲಿ ಕಾಣುವ ಇನ್ನೊಂದು ಬೀಗ ಅದು. ಮಾವ ಟೈಪ್ ಮಾಡಿದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಯುನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ನಮ್ಮ ಕಚೇರಿ, ಪ್ರೆಸ್ಸು, ಮನೆಗಳು ಬಹಳ ವರ್ಷ ಬರೆದದ್ದು ಹಳೆಯ ಉಪಾಯದಲ್ಲೇ: ಇಂಗ್ಲಿಷ್ ಅಕ್ಷರಗಳ ಕುರ್ಚಿಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು. ತಲಕಟ್ಟು ಒಂದು ಕುರ್ಚಿ, ಕೊಂಬು ಇನ್ನೊಂದು, ಒತ್ತಕ್ಷರ ಮತ್ತೊಂದು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಚೆಂದದ ಕನ್ನಡ; ಇಲ್ಲದಲ್ಲಿ ಬರೀ ಕುರ್ಚಿಗಳ ಹೆಸರು. ನೋಡುವುದಕ್ಕೆ ಎರಡೂ ಒಂದೇ ಬಗೆಯ ಕಲಸುಮೇಲೋಗರ, ಆದರೆ ಇದರ ಕೀಲಿಕೈ ಯಾರ ಪಾಸ್‌ವರ್ಡಿನೊಳಗೂ ಅಡಗಿಲ್ಲ. ನುಡಿ ಫಾಂಟು ಹಾಕಿಕೊಂಡರೆ ಆಯಿತು. ಯುನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳೂ ಪುಕ್ಕಟೆಯಾಗಿ ಸಿಗುತ್ತವೆ. ಎಷ್ಟು ಜನ ಇದನ್ನು ಕಂಡು, ವೈರಸ್ ಬಿದ್ದಿದೆ, ಫೈಲು ಕೆಟ್ಟಿದೆ ಎಂದು ಅಳಿಸಿಹಾಕಿರಬಹುದೋ ಎಂದು ನೆನೆದರೆ ಸಂಕಟವಾಗುತ್ತದೆ. ಹತ್ತು ನಿಮಿಷದಲ್ಲಿ ಪರದೆಯ ಮೇಲೆ ರತ್ನಚೂಡಿ, ಗಂಧಸಾಲೆ, ಜೀರಿಗೆ ಸಣ್ಣ, ಹೆಗ್ಗೆ ಒಂದರ ಕೆಳಗೊಂದು ಎದ್ದು ನಿಂತವು. ಮಾವ ಸಂತೋಷದ ಮಾತೇನೂ ಆಡಲಿಲ್ಲ. "ಹೆಗ್ಗೆ ಎರಡು ಸಲ ಬಂದಿದೆ ನೋಡು, ಒಂದನ್ನ ತೆಗಿ" ಎಂದರು.

ಹೊಸ ಲ್ಯಾಪ್‌ಟಾಪಿನ ಕತೆ ಬೇರೆ. ಅದು ವಿಂಡೋಸ್ 11ರ ಹೋಮ್ ಆವೃತ್ತಿ. ಇಎಫ್‌ಎಸ್ ಬೀಗ ಅದರಲ್ಲಿಲ್ಲ. ಬದಲಿಗೆ ಇಡೀ ಡಿಸ್ಕಿಗೇ ಒಂದು ಬೀಗವಿದೆ, ಮತ್ತು ಅದನ್ನು ಮಾವ ಹಾಕಿದ್ದಲ್ಲ. 2007ರಲ್ಲಿ ವಿಸ್ಟಾದ ಜೊತೆ ಬಿಟ್‌ಲಾಕರ್ ಬಂದಾಗ ಬೇಕಾದವರು ಹಾಕಿಕೊಳ್ಳುತ್ತಿದ್ದರು. ಈಗ ಅದರ ತಮ್ಮನಂಥದ್ದೊಂದು, ಹೊಸ ಕಂಪ್ಯೂಟರಿಗೆ ಮೊದಲ ಸಲ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದಂತೆ, ಹೇಳದೆ ಕೇಳದೆ ಶುರುವಾಗುವುದು ಸಾಮಾನ್ಯ. ಅದರ ಕೀಲಿಕೈ ಕಂಪ್ಯೂಟರಿನ ಟಿಪಿಎಂ ಎಂಬ ಚಿಪ್ಪಿನಲ್ಲಿ ಭದ್ರ. ಡಿಸ್ಕನ್ನು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೂ ಕೇಳುತ್ತದೆ, ಬೋರ್ಡು ಬದಲಿಸಿದರೂ ಕೇಳುತ್ತದೆ: 48 ಅಂಕಿಯ ರಿಕವರಿ ಕೀ ಎಲ್ಲಿ? ಎಸ್.ಪಿ. ರೋಡಿನ ನನ್ನ ಉಪಾಯ ಇನ್ನು ನಡೆಯುವುದಿಲ್ಲ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಕೆಟ್ಟ ಫೈಲೊಂದನ್ನು ಅಳಿಸಿದರೆ ಸರಿಹೋಗುತ್ತಿತ್ತು. ಆದರೆ ಬಿಟ್‌ಲಾಕರ್ ಇದ್ದ ಕಡೆ, ಅಳಿಸಲು ಒಳಗೆ ಹೋಗಬೇಕಾದರೆ ಒಂದೊಂದು ಕಂಪ್ಯೂಟರಿಗೂ ಅದರದೇ 48 ಅಂಕಿ ಬೇಕಾಯಿತು.

ಆ ಅಂಕಿ ಸಾಮಾನ್ಯವಾಗಿ ಮೊದಲು ಲಾಗಿನ್ ಆದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೂತಿರುತ್ತದೆ. ಯಾರ ಖಾತೆ ಎಂಬುದೇ ಪ್ರಶ್ನೆ. ಕಂಪ್ಯೂಟರ್ ರೆಡಿ ಮಾಡಿಕೊಡುವಾಗ ಅಂಗಡಿಯವರು ತಮ್ಮದೇ ಇಮೇಲ್ ಹಾಕಿದ್ದರೆ ನಿಮ್ಮ ಮನೆಯ ಕೀಲಿಕೈ ಅವರ ಜೇಬಿನಲ್ಲಿ. ಫೋನಿನಲ್ಲೂ ಇದೇ ವ್ಯಾಪಾರ. ವಾಟ್ಸ್ಆ್ಯಪ್ 2021ರ ಅಕ್ಟೋಬರಿನಿಂದ ಬ್ಯಾಕಪ್ಪಿಗೆ ಪೂರ್ತಿ ಎನ್‌ಕ್ರಿಪ್ಷನ್ ಕೊಟ್ಟಿದೆ; ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರದ ಕೀ ಇಟ್ಟುಕೊಂಡು ಅದನ್ನು ಕಳೆದವರಿಗೆ ಹೊಸ ಫೋನಿನಲ್ಲಿ ಹಳೆಯ ಮಾತುಕತೆ ಸಿಗುವುದಿಲ್ಲ, ಕಂಪನಿಯ ಹತ್ತಿರವೂ ನಕಲಿಲ್ಲ. ವೆರಾಕ್ರಿಪ್ಟ್, 7-ಜಿಪ್‌ನಂಥವುಗಳಲ್ಲಿ ಮಾತ್ರ ಬೀಗಕ್ಕೆ ಬೇಕಾದದ್ದೆಲ್ಲ ಫೈಲಿನ ಜೊತೆಗೇ ಬರುತ್ತದೆ, ನಾವು ಹೊರಬೇಕಾದದ್ದು ಪಾಸ್‌ವರ್ಡ್ ಒಂದೇ. ಗುಟ್ಟಿನ ಕಾಗದಪತ್ರಕ್ಕೆ ನಾನು ಬಳಸುವುದು ಇಂಥದನ್ನೇ. ಭತ್ತದ ಹೆಸರಿಗೆ ಬೀಗವೇ ಬೇಡ ಎಂದು ಮಾವನಿಗೂ ಹೇಳಿದ್ದೇನೆ. ಅವು ಊರಿಗೆಲ್ಲ ಗೊತ್ತಾಗಲಿ ಎಂದಲ್ಲವೇ ಅವರು ಬಸ್ಸು ಹತ್ತಿದ್ದು?

ಆ ರಾತ್ರಿ ಊಟವಾದ ಮೇಲೆ ಮಗಳಿಗೆ ಫೋನ್ ಮಾಡಿದೆವು. ಲ್ಯಾಪ್‌ಟಾಪಿನ ಕೀ ಅವಳ ಖಾತೆಯಲ್ಲಿತ್ತು. ಆರಾರು ಅಂಕಿಯ ಎಂಟು ಗುಂಪು. ಅವಳು ಓದಿದಳು, ನಾನು ವಿಶ್ವಾವಸು ಸಂವತ್ಸರದ ಪಂಚಾಂಗದ ಹಿಂದೆ ಬರೆದೆ. ಬರೆಯುತ್ತ, ಈ ಕೀಯಲ್ಲಿ ಪ್ರತಿಯೊಂದು ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಒತ್ತುವಾಗ ತಪ್ಪಿದರೆ ಕಂಪ್ಯೂಟರಿಗೆ ಗೊತ್ತಾಗಲಿ ಎಂದು ಹಾಗೆ ಮಾಡಿದ್ದಾರೆ ಎಂದೆ. ಮಾವನ ಕಣ್ಣು ಅರಳಿತು. ಪಂಚಾಂಗ ಕಿತ್ತುಕೊಂಡು, ಪೆನ್ಸಿಲ್ ಹಿಡಿದು, ಒಂದು ಬಿಟ್ಟು ಒಂದು ಅಂಕಿ ಕೂಡಿಸುತ್ತ ಹೋದರು. ನಿಜವಾದ ಅಂಕಿ ಬರೆಯಬಾರದು, ಆದ್ದರಿಂದ 412357 ಎಂದಿಟ್ಟುಕೊಳ್ಳಿ: 4, 2, 5 ಸೇರಿದರೆ 11, 1, 3, 7 ಸೇರಿದರೂ 11, ವ್ಯತ್ಯಾಸ ಸೊನ್ನೆ, ಪಾಸು. ಆರು ಗುಂಪು ಪಾಸಾದವು. ಏಳನೆಯದರ ಹತ್ತಿರ ಪೆನ್ಸಿಲ್ ನಿಂತಿತು. ಎರಡು ಸಲ ಕೂಡಿಸಿದರು. ಆಮೇಲೆ, ನಲವತ್ತು ವರ್ಷ ಹಿಂದೆ ನನ್ನ ಹೋಂವರ್ಕ್ ನೋಡುವಾಗ ನೋಡುತ್ತಿದ್ದ ಹಾಗೆಯೇ ನೋಡಿ, "ಇದು ಭಾಗ ಹೋಗ್ತಿಲ್ಲ. ಎರಡಂಕಿ ಹಿಂದುಮುಂದು ಬರ್ದಿದ್ದೀಯ" ಎಂದರು.

ಮಗಳು ಏಳನೆಯ ಗುಂಪನ್ನು ಮತ್ತೆ ಓದಿದಳು. ಕೊನೆಯ ಎರಡು ಅಂಕಿ ಅದಲುಬದಲಾಗಿದ್ದವು.